ಗೂಟದ ಮೇಲೆ ನಿಂತ ಸಂಸ್ಥೆ: ನಮ್ಮ ಸೀಮೆಯ ಟೂರಿಂಗ್ ಟಾಕೀಸು

ಸ್ಮರಣ ಸಂಚಿಕೆಗೆ ಲೇಖನ ಕೇಳುವವರು ಹೆಚ್ಚಾಗಿ ಶಿಲಾಫಲಕ ಇರುವ ಸಂಸ್ಥೆಗಳನ್ನೇ ನೆನೆಯುತ್ತಾರೆ. ಶಾಲೆ, ಮಠ, ವಾಚನಾಲಯ, ಸಹಕಾರಿ ಸಂಘ ಎಲ್ಲಕ್ಕೂ ಒಂದು ಉದ್ಘಾಟನೆಯ ದಿನ ಉಂಟು, ಗೋಡೆಯ ಮೇಲೆ ಸ್ಥಾಪಕರ ಫೋಟೋ ಉಂಟು, ಬೆಳ್ಳಿಹಬ್ಬ ಚಿನ್ನದಹಬ್ಬ ಉಂಟು. ಕಲಬುರಗಿ ಹತ್ತಿರದ ಕಮಲಾಪುರ ಸೀಮೆಯ ಮೂರು ತಲೆಮಾರಿಗೆ ಸಿನಿಮಾ ತೋರಿಸಿದ ಟೂರಿಂಗ್ ಟಾಕೀಸಿಗೆ ಇದರಲ್ಲಿ ಒಂದೂ ಇರಲಿಲ್ಲ. ಅದು ನಿಂತಿದ್ದು ಗೂಟ, ಹಗ್ಗ ಮತ್ತು ಬಿದಿರಿನ ಮೇಲೆ. ಮಿರಗ ಮಳೆ ಶುರುವಾಗುವಷ್ಟರಲ್ಲಿ ಗೂಟ ಕಿತ್ತು, ತಂಬು ಸುತ್ತಿ, ಮಾಲಕರ ಮನೆಯ ಪಡಸಾಲೆ ಸೇರುತ್ತಿತ್ತು. ಹೀಗೆ ವರ್ಷವರ್ಷವೂ ಮುಚ್ಚಿ ತೆರೆಯುತ್ತಿದ್ದ ಸಂಸ್ಥೆ ಕೊನೆಗೊಮ್ಮೆ ಮುಚ್ಚಿದಾಗ ಯಾರಿಗೂ ಗೊತ್ತಾಗಲಿಲ್ಲ. ದಸರೆ ಕಳೆದ ಮೇಲೆ ಬರುತ್ತದೆ ಅಂದುಕೊಂಡರು, ಬರಲಿಲ್ಲ.

ತಂಬಿನಲ್ಲಿ ಸಿನಿಮಾ ತೋರಿಸುವ ಕಸುಬು ನಮ್ಮ ದೇಶದಲ್ಲಿ ಕಟ್ಟಡದ ಥಿಯೇಟರಿಗಿಂತ ಹಳೆಯದು. 1902ರಲ್ಲಿ ಕಲ್ಕತ್ತೆಯ ಮೈದಾನದಲ್ಲಿ ಜಮ್‌ಶೆಡ್‌ಜಿ ಮದನ್ ತಂಬು ಹೊಡೆದು ಬಯೋಸ್ಕೋಪ್ ತೋರಿಸತೊಡಗಿದರು. 1905ರಲ್ಲಿ ತಿರುಚಿನಾಪಳ್ಳಿಯ ರೈಲ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಸ್ವಾಮಿಕಣ್ಣು ವಿನ್ಸೆಂಟ್ ಎಂಬವರು ಒಬ್ಬ ಫ್ರೆಂಚ್ ಪ್ರದರ್ಶಕನ ಯಂತ್ರ ಕೊಂಡು, ನೌಕರಿ ಬಿಟ್ಟು ಊರೂರು ಹೊರಟರು. ಸೂರತ್ತಿನ ಅಬ್ದುಲ್ಲಾಲಿ ಯೂಸುಫಲಿ ಇವರಿಬ್ಬರಿಗಿಂತ ದೂರ ನಡೆದವರು. ಸಿಂಗಪುರ, ಜಾವಾ, ಬರ್ಮಾ, ಸಿಲೋನುಗಳಲ್ಲಿ ತಂಬು ಹೊಡೆದು, 1908ರಿಂದ ಭಾರತದಲ್ಲಿ ತಿರುಗಿದರು. ಅವರ ತಂಬು 100 ಅಡಿ ಉದ್ದ, 50 ಅಡಿ ಅಗಲ. ಸಾವಿರ ಜನ ಹಿಡಿಯುತ್ತಿತ್ತಂತೆ. ಮುಂದೆ ಇದೇ ಯೂಸುಫಲಿ ಅರ್ದೇಶಿರ್ ಇರಾನಿಯವರ ಪಾಲುದಾರರಾದರು. ಇರಾನಿಯವರ ಇಂಪೀರಿಯಲ್ ಕಂಪನಿಯಿಂದ 1931ರ ಮಾರ್ಚ್ 14ರಂದು 'ಆಲಂ ಆರಾ' ಹೊರಬಂತು. ಅಂದರೆ ಭಾರತದ ಮೊದಲ ಮಾತಿನ ಚಿತ್ರದ ತಳದಲ್ಲಿ ತಂಬಿನ ನೆಲದ ಟಿಕೀಟಿನ ಕಾಸೂ ಉಂಟು. ಸಿನಿಮಾದ ಇತಿಹಾಸ ಬರೆಯುವವರು ಸ್ಟುಡಿಯೋಗಳಿಂದ ಶುರು ಮಾಡುವುದು ನನಗೆ ಅದಕ್ಕೇ ಸರಿ ಅನ್ನಿಸುವುದಿಲ್ಲ.

ನಮ್ಮ ಭಾಗದ ಕತೆಗೆ ಬೇರೆಯದೇ ಒಂದು ತಿರುವು ಉಂಟು, ಅದು ನಿಜಾಮನ ರಾಜ್ಯದ್ದು. 1948ರ ಸೆಪ್ಟೆಂಬರಿನ ಪೊಲೀಸ್ ಆಕ್ಷನ್‌ವರೆಗೆ ಕಲಬುರಗಿ ಹೈದರಾಬಾದ್ ಸಂಸ್ಥಾನದ ಜಿಲ್ಲೆ. ಕಚೇರಿ ಭಾಷೆ ಉರ್ದು, ನಾಣ್ಯ ಹಾಲಿ ಸಿಕ್ಕಾ. ಬ್ರಿಟಿಷ್ ರೂಪಾಯಿ ಬೇರೆ, ನಮ್ಮ ರೂಪಾಯಿ ಬೇರೆ. ಸಿನಿಮಾ ವ್ಯಾಪಾರ ಈ ಸಂಸ್ಥಾನವನ್ನು ಒಂದು ಕ್ಷೇತ್ರವೆಂದು ಎಣಿಸಿ 'ನೈಜಾಂ ಏರಿಯಾ' ಎಂದು ಹೆಸರಿಟ್ಟಿತು. ತೆಲಂಗಾಣ, ಮರಾಠವಾಡ, ಬೀದರ, ಗುಲಬರ್ಗಾ, ರಾಯಚೂರು ಎಲ್ಲ ಸೇರಿ ಒಂದೇ ಹಂಚಿಕೆ. 1956ರ ನವೆಂಬರ್ 1ಕ್ಕೆ ಸಂಸ್ಥಾನ ಮೂರು ಹೋಳಾಯಿತು. ಮರಾಠವಾಡ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ, ನಾವು ಮೈಸೂರಿಗೆ. ತಹಶೀಲು ಕಚೇರಿಯ ಬೋರ್ಡು ಬದಲಾಯಿತು, ಶಾಲೆಯ ಪಠ್ಯ ಬದಲಾಯಿತು. ಫಿಲ್ಮ್ ಡಬ್ಬಿಯ ದಾರಿ ಮಾತ್ರ ಬದಲಾಗಲಿಲ್ಲ. ವಿತರಕರ ನಕ್ಷೆಯಲ್ಲಿ ನಾವು ಇನ್ನೂ ಎಷ್ಟೋ ವರ್ಷ ನೈಜಾಂ ಏರಿಯಾದಲ್ಲೇ ಉಳಿದೆವು.

ಈ ಒಂದು ಸಂಗತಿ ಗೊತ್ತಿಲ್ಲದಿದ್ದರೆ ನಮ್ಮ ತಂಬಿನ ಸಿನಿಮಾಗಳ ಪಟ್ಟಿ ಅರ್ಥವಾಗುವುದಿಲ್ಲ. ಹಳೇ ಮೈಸೂರಿನವರು ಬಾಲ್ಯದ ಟೆಂಟ್ ಸಿನಿಮಾ ಬಗ್ಗೆ ಬರೆದಾಗ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಎಂದು ಸಾಲುಸಾಲಾಗಿ ಬರುತ್ತಾರೆ. ನಮ್ಮ ಕಡೆಯ ಹಿರಿಯರನ್ನು ಕೇಳಿದರೆ ಮೊದಲು ಬಾಯಿಗೆ ಬರುವುದು ದಿಲೀಪ್ ಕುಮಾರ್, ಆಮೇಲೆ ಎನ್.ಟಿ. ರಾಮರಾವ್, ಆಮೇಲೆ ರಾಜಕುಮಾರ್. ಇದರಲ್ಲಿ ಭಾಷಾಭಿಮಾನದ ಕೊರತೆ ಹುಡುಕಬಾರದು. 'ಮುಘಲ್-ಎ-ಆಜಂ', 'ಮಾಯಾಬಜಾರ್' ಹೈದರಾಬಾದಿನಿಂದ ಸಲೀಸಾಗಿ ಬರುತ್ತಿದ್ದವು. ಕನ್ನಡದ ಪ್ರಿಂಟು ಬೆಂಗಳೂರಿನ ಗಾಂಧಿನಗರದಿಂದ ಹೊರಟು, ಹಳೇ ಮೈಸೂರು ಮುಗಿಸಿ, ಹುಬ್ಬಳ್ಳಿ ಸುತ್ತ ತಿರುಗಿ, ನೈಜಾಂ ಹಕ್ಕು ಕೊಂಡವರ ಕೈಸೇರಿ ಇಲ್ಲಿಗೆ ಮುಟ್ಟುವಷ್ಟರಲ್ಲಿ ಸವೆದು ಹೋಗಿರುತ್ತಿತ್ತು. ಮೈಮೇಲೆಲ್ಲ ಗೀರು, ನಡುನಡುವೆ ತುಂಡು. ಹೀರೋ ಬಾಗಿಲು ತೆರೆಯಲು ಕೈ ಎತ್ತಿದರೆ ಮರುಕ್ಷಣ ಬೇರೆ ಊರಲ್ಲಿರುತ್ತಿದ್ದ. ಇಷ್ಟಾದರೂ 'ಬೇಡರ ಕಣ್ಣಪ್ಪ', 'ಕಿತ್ತೂರು ಚೆನ್ನಮ್ಮ', 'ಸತ್ಯ ಹರಿಶ್ಚಂದ್ರ'ಗಳಿಗೆ ಬಂಡಿ ಕಟ್ಟಿಕೊಂಡು ಜನ ಬಂದರು. 1959ರ 'ಜಗಜ್ಯೋತಿ ಬಸವೇಶ್ವರ'ದಂಥ ಚಿತ್ರಕ್ಕೆ ನಮ್ಮಲ್ಲಿ ಪ್ರಚಾರವೇ ಬೇಕಿರಲಿಲ್ಲ. ಕಮಲಾಪುರದಿಂದ ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಪರದೆಯ ಮೇಲಿನ ಕಲ್ಯಾಣ ನೋಡುವವರಿಗೆ ಅದು ಸಂತೆಗೆ ಹೋಗಿಬರುವ ಊರು.

ಕಮಲಾಪುರ ಇರುವ ಜಾಗವೂ ತಂಬಿನವರಿಗೆ ಅನುಕೂಲದ್ದು. ಒಂದು ಬದಿ ಕಲಬುರಗಿ, ಅಲ್ಲಿ ಮುಂಬಯಿ–ಮದ್ರಾಸ್ ರೈಲು ಮಾರ್ಗ 1871ರ ಹೊತ್ತಿಗೇ ಪೂರ್ತಿಯಾಗಿತ್ತು. ಇನ್ನೊಂದು ಬದಿ ಹುಮನಾಬಾದ್, ಅಲ್ಲಿ ಸೋಲಾಪುರ–ಹೈದರಾಬಾದ್ ಹೆದ್ದಾರಿ. ಡಬ್ಬಿ ರೈಲಿನಲ್ಲಿ ಬಂದರೂ ಸರಿ, ಬಸ್ಸಿನ ಮೇಲೆ ಬಂದರೂ ಸರಿ, ನಡುವಿನ ಊರಿಗೆ ಮುಟ್ಟಿಸಬಹುದು. ಕೆಂಪು ಬಾಳೆಹಣ್ಣಿನಿಂದ ಹೆಸರಾದ ಊರು ಇದು; ಆ ಬಾಳೆಯ ಗೊನೆ ಕೈಗೆ ಬರಲು ಒಂದೂವರೆ ವರ್ಷ ಕಾಯಬೇಕು. ಹೊಸ ಸಿನಿಮಾಕ್ಕೆ ಅದಕ್ಕಿಂತ ಹೆಚ್ಚು ಕಾಯುವುದು ಇಲ್ಲಿಯವರಿಗೆ ರೂಢಿಯಾಗಿತ್ತು.

ತಂಬು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಎರೆಭೂಮಿ ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಯಲ್ಲಿ ಉಬ್ಬಿ ಕೆಸರಾಗುತ್ತದೆ. ಎರಡೂ ಕಾಲದಲ್ಲಿ ಗೂಟ ಹಿಡಿಯುವುದಿಲ್ಲ. ಅದಕ್ಕೇ ಮಾಲಕರು ಮರಡಿ ನೆಲ ಹುಡುಕುತ್ತಿದ್ದರು. ಊರಿಗೆ ಹತ್ತಿರ ಇರಬೇಕು, ಹುಲ್ಲಿನ ಬಣವೆಗಳಿಂದ ದೂರ ಇರಬೇಕು. ರೈತನ ಕೈಯಲ್ಲಿ ದುಡ್ಡಾಡುವ ಕಾಲಕ್ಕೆ ಸರಿಯಾಗಿ ಬರಬೇಕು. ತೊಗರಿ ಡಿಸೆಂಬರ್–ಜನವರಿಗೆ ರಾಶಿಯಾಗುತ್ತದೆ, ಬಿಳಿಜೋಳ ಶಿವರಾತ್ರಿಯ ಆಸುಪಾಸಿಗೆ. ಆಮೇಲೆ ಜಾತ್ರೆಗಳ ಸಾಲು, ಹೋಳಿ ಮುಗಿದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ತಂಬಿನ ಪಂಚಾಂಗ ಇದೇ ಆಗಿತ್ತು. ಮೇ ತಿಂಗಳ ಬಿರುಗಾಳಿಗೆ ಒಂದು ಸಲ ತಂಬು ಹರಿದರೆ ಆ ವರ್ಷದ ಗಳಿಕೆ ಹೊಲಿಗೆಗೇ ಹೋಗುತ್ತಿತ್ತು. ಹಗಲು ಆಟ ಇಲ್ಲ, ಬಟ್ಟೆಯೊಳಗೆ ಬೆಳಕು ತೂರುತ್ತದೆ. ಕತ್ತಲಾದ ಮೇಲೆ ಫಸ್ಟ್ ಶೋ, ಅದು ಮುಗಿದ ಮೇಲೆ ಸೆಕೆಂಡ್ ಶೋ, ಅಷ್ಟೇ.

ಈ ಕಸುಬು ನಡೆಸಿದ್ದು ಕುಟುಂಬಗಳು. ಯಜಮಾನ ಲೈಸನ್ಸಿಗೆ ಓಡಾಡಿದರೆ ತಮ್ಮ ಗೇಟಿನಲ್ಲಿ ನಿಲ್ಲುವನು, ಮಗ ಟಿಕೀಟು ಹರಿಯುವನು, ಅಳಿಯ ಇಂಜಿನ್ ನೋಡುವನು. ಹೆಣ್ಣುಮಕ್ಕಳ ಕಡೆ ಗಲಾಟೆಯಾದರೆ ಮನೆಯ ಹಿರಿಯಾಕೆಯೇ ಎದ್ದು ಹೋಗಿ ಗದರುವಳು. ಹೊರಗಿನವನೆಂದರೆ ಆಪರೇಟರ್ ಒಬ್ಬ. ಅವನ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ತಂಬಿನ ಯಜಮಾನನನ್ನು ಊರು ನೆನಪಿಟ್ಟುಕೊಂಡಿದೆ, ಆಪರೇಟರನನ್ನು ಮರೆತಿದೆ.

ಪ್ರೊಜೆಕ್ಟರಿನ ಹಿಂದಿನ ಡಬ್ಬಿಯಲ್ಲಿ ಎರಡು ಕಾರ್ಬನ್ ಕಡ್ಡಿಗಳು ಎದುರುಬದುರು ಇರುತ್ತವೆ. ಡೀಸೆಲ್ ಇಂಜಿನ್ನಿಗೆ ಕಟ್ಟಿದ ಡೈನಮೋದಿಂದ ಕರೆಂಟು ಹರಿದಾಗ ಅವುಗಳ ತುದಿಯ ನಡುವೆ ಕಣ್ಣು ಕುಕ್ಕುವ ಬೆಳಕು ಹುಟ್ಟುತ್ತದೆ. ಕಡ್ಡಿ ಉರಿದು ಸವೆಯುತ್ತಲೇ ಹೋಗುವುದರಿಂದ ಅಂತರ ಹೆಚ್ಚುತ್ತದೆ, ಬೆಳಕು ಮಂಕಾಗುತ್ತದೆ, ಕೊನೆಗೆ ಆರುತ್ತದೆ. ಆಪರೇಟರ್ ಕೈಯಲ್ಲಿ ತಿರುಪು ಹಿಡಿದು, ಕಪ್ಪು ಗಾಜಿನೊಳಗೆ ಇಣುಕುತ್ತ, ಆ ಅಂತರವನ್ನು ಮೂರು ತಾಸೂ ಕಾಯುತ್ತಿರಬೇಕು. ಎದುರಿಗೆ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಫಿಲ್ಮ್ ಓಡುತ್ತದೆ. ಎಲ್ಲೋ ಸಿಕ್ಕಿ ನಿಂತರೆ ಬೆಳಕಿನ ಕಾವಿಗೆ ಅಲ್ಲೇ ಸುಡುತ್ತದೆ, ಪರದೆಯ ಮೇಲೆ ನಾಯಕಿಯ ಮುಖದ ನಡುವೆ ತೂತು ಬಿದ್ದು ಅಗಲವಾಗುತ್ತದೆ. 1950ರ ಸುಮಾರಿನವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮಾದರೆ ಸುಡುವುದಲ್ಲ, ಭಗ್ಗೆಂದು ಹೊತ್ತಿಕೊಳ್ಳುತ್ತಿತ್ತು. ಕಟ್ಟಡದ ಥಿಯೇಟರುಗಳಲ್ಲಿ ಎರಡು ಪ್ರೊಜೆಕ್ಟರ್, ಒಂದರ ರೀಲು ಮುಗಿಯುತ್ತಲೇ ಇನ್ನೊಂದು ಶುರು. ತಂಬಿನಲ್ಲಿ ಬಹುಪಾಲು ಒಂದೇ. 2000 ಅಡಿಯ ಸುರುಳಿ 22 ನಿಮಿಷಕ್ಕೆ ಮುಗಿಯುವ ಕಾರಣ ಆಟದಲ್ಲಿ ಒಂದಲ್ಲ, ಏಳೆಂಟು ಇಂಟರ್ವಲ್. ಆ ಬಿಡುವುಗಳಲ್ಲೇ ಶೇಂಗಾ ಮಾರುವವರ, ಚಹಾದವರ, ಸೋಡಾದವರ ಸಂಸಾರ ನಡೆಯುತ್ತಿತ್ತು.

ರೀಲು ಹರಿದರೆ ಆಪರೇಟರ್ ಬ್ಲೇಡಿನಿಂದ ಅಂಚಿನ ಲೇಪ ಕೆರೆದು, ಸಿಮೆಂಟ್ ಎಂದು ಕರೆಯುವ ಅಂಟು ಹಚ್ಚಿ ಜೋಡಿಸುವನು. ಪ್ರತಿ ಜೋಡಣೆಗೂ ಒಂದೆರಡು ಫ್ರೇಮು ನಷ್ಟ. ಕತ್ತರಿಸಿ ಬಿಸಾಡಿದ ಆ ಚೂರುಗಳಿಗಾಗಿ ಬೆಳಿಗ್ಗೆ ಹುಡುಗರು ತಂಬಿನ ಹಿಂದೆ ಜಮಾಯಿಸುತ್ತಿದ್ದರು. ಕೆಟ್ಟ ಬಲ್ಬಿನೊಳಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಕತ್ತಲ ಕೋಣೆಯ ಗೋಡೆಯ ಮೇಲೆ ಆ ಚೂರನ್ನು ದೊಡ್ಡದಾಗಿ ಮೂಡಿಸುವ ವಿದ್ಯೆ ಎಷ್ಟೋ ಹಳ್ಳಿಗಳ ಹುಡುಗರಿಗೆ ಯಾರೂ ಹೇಳಿಕೊಡದೆ ಬಂದಿತ್ತು. ಬೆಳಕಿನ ಪಾಠ ವಿಜ್ಞಾನದ ಪುಸ್ತಕದಲ್ಲಿ ಬರುವುದು ಇನ್ನೂ ಎರಡು ವರ್ಷ ದೂರವಿರುತ್ತಿತ್ತು.

ಡಬ್ಬಿಯ ಜೊತೆ ಒಬ್ಬ ಮನುಷ್ಯನೂ ಬರುತ್ತಿದ್ದ. ವಿತರಕನ ರೆಪ್ರೆಜೆಂಟೇಟಿವ್, ಜನರ ಬಾಯಲ್ಲಿ 'ರೆಪ್ಪು'. ದಿನದ ಕಲೆಕ್ಷನ್ ಎಷ್ಟು, ಹರಿದ ಟಿಕೀಟೆಷ್ಟು ಎಂದು ಬರೆದು ಕಳಿಸುವುದು ಅವನ ಕೆಲಸ. ಮಾಲಕನ ಮನೆಯಲ್ಲೇ ಊಟ, ಮಾಲಕನ ಮೇಲೇ ಕಣ್ಣು. ಪೊಲೀಸರು, ಪಂಚಾಯಿತಿಯವರು, ತೆರಿಗೆಯವರು ಪಾಸಿನ ಮೇಲೆ ಬಂದು ಕುರ್ಚಿ ತುಂಬಿದರೆ ಅವನ ಲೆಕ್ಕ ತಪ್ಪುತ್ತಿತ್ತು. ಮಾಲಕನ ಲೆಕ್ಕ ಅಷ್ಟರೊಳಗೇ ಸರಿಹೋಗುತ್ತಿತ್ತು ಎಂದು ಬಲ್ಲವರು ನಗುತ್ತಾರೆ.

ಕಾನೂನೂ ಕಡಿಮೆ ಇರಲಿಲ್ಲ. 1964ರ ಸಿನಿಮಾ ನಿಯಂತ್ರಣ ಕಾಯ್ದೆ, ಅದರಡಿ 1971ರ ನಿಯಮಗಳು ಕಾಯಂ ಚಿತ್ರಮಂದಿರ ಬೇರೆ, ಟೂರಿಂಗ್ ಬೇರೆ ಎಂದು ವಿಂಗಡಿಸಿದವು. ಮರಳಿನ ಬಕೆಟ್ಟು ಇರಬೇಕು, ನೀರಿನ ಬಕೆಟ್ಟು ಇರಬೇಕು, ಪ್ರೊಜೆಕ್ಟರ್ ಇಟ್ಟ ಜಾಗಕ್ಕೆ ಬೆಂಕಿ ಹತ್ತದ ಮರೆ ಇರಬೇಕು. ಸಿನಿಮಾಕ್ಕೆ ಮುಂಚೆ ಸರ್ಕಾರ ಒಪ್ಪಿದ ಕಿರುಚಿತ್ರ ತೋರಿಸಲೇಬೇಕು. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಜನ್ನಿನ ನ್ಯೂಸ್ ರೀಲು ಅದು. ಬಿಹಾರದ ಪ್ರವಾಹ, ಭಾಕ್ರಾ ಅಣೆಕಟ್ಟು, ಪ್ರಧಾನಿಯ ವಿದೇಶ ಪ್ರವಾಸ ಎಲ್ಲವೂ ನಮ್ಮಲ್ಲಿಗೆ ತಡವಾಗಿ ಬಂದವು. ಪ್ರವಾಹ ಇಳಿದು ಎಷ್ಟು ಕಾಲವಾಗಿತ್ತೋ, ಇಲ್ಲಿ ಮುದುಕಿಯರು ಲೊಚಗುಟ್ಟುತ್ತಿದ್ದರು.

ಒಳಗಿನ ವ್ಯವಸ್ಥೆ ಸರಳ. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ನಡುವೆ ಒಂದು ಪರದೆಯೋ ಹಗ್ಗವೋ ಎಳೆದು ಗಂಡಸರು ಒಂದು ಕಡೆ, ಹೆಂಗಸರು ಮಕ್ಕಳು ಇನ್ನೊಂದು ಕಡೆ. ಜಾತಿಯ ಗೆರೆ ತಂಬಿನೊಳಗೆ ಅಳಿಸಿತ್ತು ಎಂದು ಕೆಲವರು ಬರೆಯುತ್ತಾರೆ. ಪೂರ್ತಿ ಅಳಿಸಿತ್ತು ಎನ್ನಲು ನನಗೆ ಧೈರ್ಯ ಸಾಲದು. ನೆಲದ ಮೇಲೂ ಯಾರ ಪಕ್ಕ ಯಾರು ಕೂಡಬೇಕೆಂಬುದು ಊರಿಗೆ ಗೊತ್ತಿತ್ತು. ಆದರೆ ದೀಪ ಆರಿದ ಮೇಲೆ ಯಾರೂ ಎದ್ದು ಜಾಗ ಬದಲಿಸುತ್ತಿರಲಿಲ್ಲ, ಅಷ್ಟಂತೂ ನಿಜ. ಭಾಷೆಯ ಸಂಗತಿ ಇದಕ್ಕಿಂತ ರಸವಾದದ್ದು. ಉರ್ದು ಬಲ್ಲವರು ಒಂದು ಗುಂಪು, ತೆಲುಗು ಬಲ್ಲವರು ಇನ್ನೊಂದು ಗುಂಪು, ಎರಡೂ ಬಾರದವರು ಉಳಿದರ್ಧ. "ಏನಂತಂದಳವ್ವಾ ಈಗ?" ಎಂದು ಕತ್ತಲಲ್ಲಿ ಒಂದು ದನಿ. "ಆಕಿ ಗಂಡ ಅಲ್ಲಂತ, ಅವನ ತಮ್ಮ ಅದಾನಂತ" ಎಂದು ಇನ್ನೊಂದು. ಅಷ್ಟರಲ್ಲಿ ಮೂರನೆಯವಳು ತನ್ನದೇ ಕತೆ ಹೇಳಿ ಮುಗಿಸಿರುತ್ತಿದ್ದಳು. ಒಂದೇ ಸಿನಿಮಾದಿಂದ ಒಂದೇ ರಾತ್ರಿ ನಾಲ್ಕು ಕತೆಗಳು ಊರಿಗೆ ಮರಳುತ್ತಿದ್ದವು.

1975ರ 'ಜೈ ಸಂತೋಷಿ ಮಾ' ದೇಶದ ಎಷ್ಟೋ ಕಡೆ ಥಿಯೇಟರನ್ನೇ ಗುಡಿ ಮಾಡಿತು. ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು, ಪರದೆಗೆ ಹೂವು ಕಾಸು ಎಸೆದರು. ಅದೇ ವರ್ಷ ನಮ್ಮ ಸೀಮೆಗೆ ಇನ್ನೊಂದು ಚಿತ್ರ ಬಂತು, ಆಕಾಶದಿಂದ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಎಂಬ ಉಪಗ್ರಹ ಟಿ.ವಿ. ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ 2400 ಹಳ್ಳಿಗಳಿದ್ದವು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಅಮೆರಿಕದ ಎ.ಟಿ.ಎಸ್.–6 ಉಪಗ್ರಹವನ್ನು ಆಫ್ರಿಕದ ಪೂರ್ವಭಾಗದ ಮೇಲೆ ನಿಲ್ಲಿಸಿ, ಅಹಮದಾಬಾದಿನಿಂದ ಕಾರ್ಯಕ್ರಮ ಏರಿಸಿದರು. ಹಳ್ಳಿಯ ಶಾಲೆಯ ಅಂಗಳದಲ್ಲಿ ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ತಟ್ಟೆ ಅದನ್ನು ಹಿಡಿಯುತ್ತಿತ್ತು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರಿಗೆಲ್ಲ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಇದರಲ್ಲಿ ನನ್ನ ವಾದಕ್ಕೆ ಬೇಕಾದ ಒಂದು ವಿವರವೂ ಉಂಟು: ಕನ್ನಡದ ಕಾರ್ಯಕ್ರಮಗಳು ತಯಾರಾದದ್ದು ಹೈದರಾಬಾದಿನ ಕೇಂದ್ರದಲ್ಲಿ. ರಾಜ್ಯ ಬದಲಾಗಿ ಹತ್ತೊಂಬತ್ತು ವರ್ಷವಾಗಿತ್ತು, ಚಿತ್ರ ಇನ್ನೂ ಅದೇ ದಿಕ್ಕಿನಿಂದಲೇ ಬರುತ್ತಿತ್ತು.

ಪ್ರಯೋಗ ಮುಗಿದ ಮೇಲೆ 1977ರ ಸೆಪ್ಟೆಂಬರ್ 3ರಂದು ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ತೆರೆಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ಹಿಂದುಳಿದ ಜಿಲ್ಲೆ ಎಂದು ಮಾತು ಮಾತಿಗೆ ಅನ್ನಿಸಿಕೊಳ್ಳುವ ನಾವು ಈ ಒಂದರಲ್ಲಿ ರಾಜಧಾನಿಗಿಂತ ನಾಲ್ಕು ವರ್ಷ ಮುಂದಿದ್ದೆವು ಎಂಬುದನ್ನು ನಮ್ಮವರೇ ಹೇಳಿಕೊಳ್ಳುವುದಿಲ್ಲ.

ತಂಬನ್ನು ಟಿ.ವಿ. ಕೊಂದಿತು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವಾಗಿದ್ದರೆ ರಾಜ್ಯದಲ್ಲೇ ಮೊದಲು ನಮ್ಮ ತಂಬುಗಳು ಮುಚ್ಚಬೇಕಿತ್ತು. ಹಾಗಾಗಲಿಲ್ಲ. ಊರಿಗೊಂದು ಕಪ್ಪುಬಿಳುಪು ಪೆಟ್ಟಿಗೆ, ಅದರಲ್ಲಿ ತೊಗರಿಯ ಕೀಟಬಾಧೆಯ ಕಾರ್ಯಕ್ರಮ; 'ಶೋಲೆ'ಗೆ ಅದು ಹೇಗೆ ಎದುರಾದೀತು? ಪೆಟ್ಟು ಬಿದ್ದದ್ದು ಎಂಬತ್ತರ ದಶಕದಲ್ಲಿ, ವಿಡಿಯೋದಿಂದ. ಖಾನಾವಳಿಯ ಹಿಂದಿನ ಕೋಣೆಯಲ್ಲಿ ಒಂದು ಕಲರ್ ಟಿ.ವಿ., ಒಂದು ವಿ.ಸಿ.ಆರ್. ತಂಬಿಗೆ ಎರಡು ವರ್ಷದ ಮೇಲೆ ಬರಬೇಕಾದ ಸಿನಿಮಾ ಅಲ್ಲಿ ಬಿಡುಗಡೆಯಾದ ತಿಂಗಳಲ್ಲೇ ಓಡುತ್ತಿತ್ತು, ಹಗಲೂ ಓಡುತ್ತಿತ್ತು, ಮಳೆಗಾಲದಲ್ಲೂ ಓಡುತ್ತಿತ್ತು. ಬಕೆಟ್ಟಿಲ್ಲ, ರೆಪ್ಪಿಲ್ಲ, ನ್ಯೂಸ್ ರೀಲಿಲ್ಲ. ತಂಬು ಮಳೆಗಾಲವಿಡೀ ಮುಚ್ಚಿದ್ದು ಮತ್ತೆ ತೆರೆದಾಗ ಜನ ಹಸಿದಿರುತ್ತಿದ್ದರು. ಆ ಹಸಿವೇ ಅದರ ಬಂಡವಾಳ. ವಿಡಿಯೋ ಆ ಹಸಿವನ್ನೇ ಇಲ್ಲವಾಗಿಸಿತು. 1987ರ ಜನವರಿಯಲ್ಲಿ ಶುರುವಾದ 'ರಾಮಾಯಣ'ದ ಹೊತ್ತಿಗೆ ಮನೆಮನೆಗೆ ಪೆಟ್ಟಿಗೆ ಬರತೊಡಗಿತ್ತು. ಮರಡಿ ನೆಲಗಳು ಅಷ್ಟರೊಳಗೆ ಪ್ಲಾಟುಗಳಾಗಿದ್ದವು, ಬಸ್ ನಿಲ್ದಾಣದ ಹತ್ತಿರದ ಬಯಲಿಗೆ ಒಂದು ಹಂಗಾಮಿನ ಬಾಡಿಗೆ ಕೊಟ್ಟು ಪೂರೈಸುವಂತಿರಲಿಲ್ಲ. ಜೊತೆಗೆ ಭಯ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಸತ್ತರು. ಅದು ಸಿನಿಮಾ ತಂಬಲ್ಲದಿದ್ದರೂ, ಬಟ್ಟೆಯ ಮಾಡಿನ ಕೆಳಗೆ ಮಕ್ಕಳನ್ನು ಕಳಿಸುವ ತಾಯಂದಿರು ಆಮೇಲೆ ಒಮ್ಮೆ ಯೋಚಿಸಿದರು.

ಋತುವಿಗೆ ಕಟ್ಟಿಬಿದ್ದ ಇಂಥ ಮನೆತನದ ಕಸುಬುಗಳು ಬೇರೆ ಕಡೆಯೂ ಹೀಗೇ ಹೋಗಿವೆ. 1934ರ ಚಳಿಗಾಲದಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ವುಡ್‌ಸ್ಟಾಕ್ ಎಂಬಲ್ಲಿ ಒಬ್ಬ ರೈತನ ದನ ಮೇಯುವ ಗುಡ್ಡಕ್ಕೆ ಉದ್ದನೆಯ ಹಗ್ಗ ಕಟ್ಟಿ, ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನ ಇಂಜಿನ್ನಿನಿಂದ ಅದನ್ನು ಎಳೆಸಿದರು. ಹಿಮದಲ್ಲಿ ಜಾರುವವರು ಹಗ್ಗ ಹಿಡಿದು ಮೇಲೇರುವುದು, ಜಾರಿ ಇಳಿಯುವುದು. ಅದನ್ನು ನೋಡಿ ಆ ಸೀಮೆಯ ಊರೂರಿಗೆ ಇಂಥ ಗುಡ್ಡಗಳಾದವು. ಬಹಳ ಕಡೆ ಮನೆಯವರೇ ನಡೆಸುವುದು, ಹಿಮ ಬಿದ್ದರೆ ವ್ಯಾಪಾರ, ಬೀಳದಿದ್ದರೆ ಇಲ್ಲ. ನ್ಯೂ ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಅಂಥ 600ಕ್ಕೂ ಹೆಚ್ಚು ಜಾಗಗಳನ್ನು ಅಲ್ಲಿಯ ಹವ್ಯಾಸಿಗಳು ಒಂದೊಂದಾಗಿ ಹುಡುಕಿ ಹೆಸರು ಸಮೇತ ದಾಖಲಿಸಿದ್ದಾರೆ. ಕಾಡು ಬೆಳೆದ ಗುಡ್ಡದಲ್ಲಿ ತುಕ್ಕು ಹಿಡಿದ ಗಾಲಿ ಸಿಕ್ಕರೆ ಅದರ ಫೋಟೋ ತೆಗೆದಿಡುತ್ತಾರೆ. ನಮ್ಮಲ್ಲಿ ಆ ಕೆಲಸ ಶುರುವೇ ಆಗಿಲ್ಲ. ನೆರೆಯ ಮಹಾರಾಷ್ಟ್ರದ ಜಾತ್ರೆಗಳಲ್ಲಿ ತಂಬುಗಳು ಇನ್ನೂ ಕೆಲಕಾಲ ಉಳಿದವು. ಶರ್ಲಿ ಅಬ್ರಹಾಂ ಮತ್ತು ಅಮಿತ್ ಮಧೇಶಿಯಾ ಅವುಗಳ ಹಿಂದೆ ವರ್ಷಗಟ್ಟಲೆ ತಿರುಗಿ 'ದಿ ಸಿನಿಮಾ ಟ್ರಾವಲರ್ಸ್' ಎಂಬ ಸಾಕ್ಷ್ಯಚಿತ್ರ ಮಾಡಿದರು. 2016ರಲ್ಲಿ ಅದು ಕಾನ್ ಚಿತ್ರೋತ್ಸವದಲ್ಲಿ ಗೌರವ ಪಡೆಯಿತು. ಅಷ್ಟರೊಳಗೆ ಡಿಜಿಟಲ್ ಬಂದು, ರೀಲಿನ ಪ್ರಿಂಟು ಹಾಕುವುದೇ ನಿಂತಿತ್ತು.

ತಂಬಿನ ಎದುರಾಳಿ ಎನಿಸಿದ ದೂರದರ್ಶನವೂ ಹಳೆಯ ರೂಪದಲ್ಲಿ ಉಳಿಯಲಿಲ್ಲ. ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ದೇಶದಾದ್ಯಂತ ನಿಲ್ಲಿಸುವ ಕೆಲಸದಲ್ಲಿ 2021ರಲ್ಲಿ ಕಲಬುರಗಿಯ ಸರದಿಯೂ ಬಂತು. ಕೇಂದ್ರವೇ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿ ಇಲ್ಲಿ ವಿರೋಧ ಎದ್ದಿತು. ಕೇಂದ್ರ ಮುಚ್ಚುವುದಿಲ್ಲ, ಕಾರ್ಯಕ್ರಮ ತಯಾರಿಸುವುದು ಮುಂದುವರಿಯುತ್ತದೆ, ಅವು ಉಪಗ್ರಹ ವಾಹಿನಿಯಲ್ಲೂ ಯೂಟ್ಯೂಬಿನಲ್ಲೂ ಬರುತ್ತವೆ ಎಂದು ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. 

ಈ ಸಂಚಿಕೆಯ ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇದಕ್ಕೆಂದೇ ಬಿಡಿ. ತಂಬಿನ ಮನೆತನಗಳ ಹತ್ತಿರ ಹಳೆಯ ಹ್ಯಾಂಡ್‌ಬಿಲ್ಲು, ಲೈಸನ್ಸಿನ ಪ್ರತಿ, ಟಿಕೀಟಿನ ಅರ್ಧ ಪುಸ್ತಕ ಇದ್ದೀತು. ಅದಕ್ಕಿಂತ ಮೊದಲು ಆಪರೇಟರುಗಳ, ಇಂಜಿನ್ ನೋಡಿಕೊಂಡವರ ಹೆಸರು ಬರೆದುಕೊಳ್ಳಬೇಕು. ಆ ಕೆಲಸ ಮಾಡಿದ ಕೊನೆಯ ತಲೆಮಾರಿಗೆ ಈಗ ಎಪ್ಪತ್ತು ದಾಟಿದೆ. ಮಹಾಗಾಂವ್ ಕಡೆಯವರು, ಹುಮನಾಬಾದ್ ರಸ್ತೆಯ ಹಳ್ಳಿಗಳವರು ಯಾರಾದರೂ ಈ ಕೆಲಸಕ್ಕೆ ಹೊರಟರೆ ಜೊತೆಗೆ ಬರಲು ನಾನು ಸಿದ್ಧ.